ಗುಜರಿಯಲ್ಲಿ ಸಿಕ್ಕ ಹೊಸ ಬೆಲ್ಟು

ನಮ್ಮ ಕಾರಿನ ಮುಂದಿನ ಎಡಗಡೆ ಸೀಟಿಗೆ ಬೆಲ್ಟೇ ಇಲ್ಲವೆಂದು ನನಗೆ ಗೊತ್ತಾದದ್ದು ತಂಗಿಯನ್ನು ಹೆರಿಗೆಗೆ ಕರೆತರಲು ಇನ್ನು ನಾಲ್ಕೇ ದಿನ ಇದ್ದಾಗ. ಅವಳ ಗಂಡನ ಊರಾದ ಕೊಂಕಲ್ಲಿನಲ್ಲಿ ಕುಬಸದ ಸೀಮಂತ ಶಾಸ್ತ್ರ ಮುಗಿಸಿಕೊಂಡು ಸುರಪುರದ ನಮ್ಮ ಮನೆಗೆ ಕರೆದುಕೊಂಡು ಬರುವ ಜವಾಬ್ದಾರಿ ನನ್ನದು. ಯಾದಗಿರಿಯ ಡಾಕ್ಟರಮ್ಮ ಕಟ್ಟುನಿಟ್ಟಾಗಿ ಹೇಳಿದ್ದರು: ಬೆಲ್ಟು ಹಾಕಿಸಲೇಬೇಕು, ಕೆಳಗಿನ ಪಟ್ಟಿ ಹೊಟ್ಟೆಗಿಂತ ಕೆಳಗೆ ಬರಬೇಕು. ನಮ್ಮ ಗಾಡಿ ಎಷ್ಟು ಹಳೆಯದೆಂದರೆ ಹಿಂದಿನ ಸೀಟಿಗೆ ಬೆಲ್ಟು ಮೊದಲಿನಿಂದಲೂ ಇಲ್ಲ. ಕಾರು ತೊಳೆಯುವಾಗ ಆ ಮಾತು ನೆನಪಾಗಿ ಮುಂದಿನದಕ್ಕೆ ಕೈ ಹಾಕಿದೆ. ಒಂದು ಗೇಣಿನ ತುಂಡು ಮಾತ್ರ ಕೈಗೆ ಬಂತು. ಅದರ ಅಂಚನ್ನು ಯಾರೋ ಕುಡುಗೋಲಿನಿಂದ ನೀಟಾಗಿ ಕೊಯ್ದಿದ್ದರು.

ಉಳಿದದ್ದು ಅಪ್ಪನ ಬೆನ್ನ ಮೇಲಿತ್ತು. ಹತ್ತಿಗೆ ಎಣ್ಣೆ, ಅಂದರೆ ಹುಳದ ಔಷಧ, ಹೊಡೆಯುವ ಬೆನ್ನಿನ ಪಂಪಿನ ಪಟ್ಟಿ ಹರಿದಿದೆಯೆಂದು ಅಪ್ಪ ನನ್ನ ಕಾರಿನ ಬೆಲ್ಟು ಕೊಯ್ದು ಪಂಪಿಗೆ ಹೊಲಿಸಿಕೊಂಡಿದ್ದರು. ಹೊಲಕ್ಕೆ ಹೋಗಿ ನೋಡಿದರೆ ಸಾಲಿನ ನಡುವೆ ಆರಾಮಾಗಿ ಎಣ್ಣೆ ಹೊಡೆಯುತ್ತಿದ್ದಾರೆ. ನನಗೆ ಮೈ ಉರಿಯಿತು.

"ಅದೇನು ಸುಮ್ನ ಜೋತು ಬಿದ್ದಿತ್ತು," ಅಂದರು ಅಪ್ಪ. "ಒಂದಿನಾ ಯಾರಾರ ಹಾಕ್ಕೊಂಡಿದ್ದು ನೋಡೇನೇನು? ಇಂಥಾ ಗಟ್ಟಿ ಪಟ್ಟಿ ಪ್ಯಾಟ್ಯಾಗೂ ಸಿಗಂಗಿಲ್ಲ."

ಶಾಲೆಯಲ್ಲಿ ರಸ್ತೆ ಸುರಕ್ಷತೆಯ ಪಾಠ ಮಾಡುವ ಮಾಸ್ತರನಾದ ನಾನು ಬೆಲ್ಟು ಹಾಕುತ್ತಿದ್ದದ್ದು ಪೊಲೀಸರು ಕಂಡಾಗ ಮಾತ್ರ. ಅದೂ ಹೆಗಲ ಮೇಲೆ ಹಾಕಿಕೊಂಡು ಕೈಯಲ್ಲಿ ಹಿಡಿದುಕೊಳ್ಳುವುದು, ಅವರನ್ನು ದಾಟಿದ ಕೂಡಲೇ ಬಿಟ್ಟುಬಿಡುವುದು. ಅಪ್ಪ ನೋಡಿದ್ದನ್ನೇ ಹೇಳಿದ್ದರು.

ಅಷ್ಟು ಹಳೆಯ ಗಾಡಿಗೆ ಹೊಸ ಬೆಲ್ಟು ಸುರಪುರದಲ್ಲಿ ಸಿಗಲಿಲ್ಲ, ಯಾದಗಿರಿಯಲ್ಲೂ ಸಿಗಲಿಲ್ಲ. ಶಹಾಪುರದ ಗುಜರಿಗೆ ಹೋಗಿ ನೋಡಿ ಅಂದರು ಅಂಗಡಿಯವರು. ಹೋದೆ. ಒಡೆದ ಗಾಡಿಗಳ ಸಾಲಿನ ಮುಂದೆ ತಗಡಿನ ನೆರಳಲ್ಲಿ ಕುಳಿತಿದ್ದ ಗುಜರಿಯ ವಯಸ್ಸಾದ ಸಾಹೇಬರು ನನ್ನ ಊರು, ಕೆಲಸ, ಗಾಡಿಯ ಮಾಡಲ್ ಕೇಳಿಕೊಂಡು ಒಳಗೆ ಹೋಗಿ ಎರಡು ಬೆಲ್ಟು ತಂದರು.

ಮೊದಲನೆಯದು ಮಾಸಿತ್ತು. ಎಳೆದು ನೋಡಿದರೆ ಒಂದು ಕಡೆ ಪಟ್ಟಿ ಅಲೆಅಲೆಯಾಗಿ ಮುದುಡಿತ್ತು, ಉಜ್ಜಿ ಸುಟ್ಟಂಥ ಹೊಳಪಿನ ಗೆರೆಯೂ ಇತ್ತು. ಹಳೆಯದಾದರೂ ಗಟ್ಟಿ ಇದ್ದೀತು, ಇದೇ ಸಾಕು ಅಂದೆ.

ಸಾಹೇಬರು ಅದನ್ನು ನನ್ನ ಕೈಯಿಂದ ವಾಪಸ್ ತೆಗೆದುಕೊಂಡರು. "ಇದು ಬ್ಯಾಡ್ರಿ ಮಾಸ್ತರ್ರ. ಜಗ್ಗಿ ಹೋಗ್ಯಾದ. ಲಾರಿಗೆ ಹೊಡದ ಗಾಡೀದು. ಒಮ್ಮಿ ಮನಷಾನ್ನ ಹಿಡದ ಬೆಲ್ಟು ಮತ್ತೊಮ್ಮಿ ಹಿಡೀತದಂತ ನಂಬಂಗಿಲ್ರಿ."

"ಆ ಮನುಷ್ಯಾ ಏನಾದ್ರಿ?"

"ಎದಿ ಮ್ಯಾಲ ಒಂದು ಬಾಸುಂಡಿ. ಮರುದಿನ ತಾನ ಬಂದು ಡಿಕ್ಕಿಯೊಳಗಿನ ಸಾಮಾನು ಒಯ್ದ."

ಎರಡನೆಯದನ್ನು ಕೈಗೆ ಕೊಟ್ಟರು. ಹೊಚ್ಚ ಹೊಸದು. ಪಟ್ಟಿಗೆ ಮಡಿಕೆ ಇಲ್ಲ, ಬೆವರಿನ ಕಲೆ ಇಲ್ಲ. ಎಳೆದರೆ ನಯವಾಗಿ ಬಂತು, ಜೋರಾಗಿ ಜಗ್ಗಿದರೆ ತಟ್ಟನೆ ನಿಂತಿತು. ನನ್ನ ಅದೃಷ್ಟ ಚೆನ್ನಾಗಿದೆ ಅಂದುಕೊಂಡೆ. ಖುಷಿಯಲ್ಲೇ ಕೇಳಿದೆ, "ಇಷ್ಟು ಹಳೇ ಗಾಡೀದು ಹಿಂಗ್ಯಾಂಗ ಉಳದದ್ರಿ?"

"ಹಾಕ್ಕೊಂಡಿದ್ರ ಹಳೇದಾಗತಿತ್ತು," ಅಂದರು ಸಾಹೇಬರು, ಇನ್ನೊಂದು ಬೆಲ್ಟನ್ನು ಸುತ್ತುತ್ತಾ. "ಅದೂ ಆಕ್ಸಿಡೆಂಟ್ ಗಾಡೀನ ಅದ. ಹೆಣ್ಮಗಳು ಕುಂತಿದ್ಲಂತ. ಗಾಜು ಒಡದು ಹೊರಗ ಬಿದ್ದಾಳ. ಅಲ್ಲೇ ಖತಂ. ಬೆಲ್ಟು ಮಾತ್ರ ಎಲ್ಲಿ ಜೋತು ಬಿದ್ದಿತ್ತೋ ಅಲ್ಲೇ ಇತ್ತು."

ಬೆಲ್ಟು ಕೈಯಿಂದ ಜಾರಿ ಸರ್ರನೆ ತನ್ನ ಡಬ್ಬಿಯೊಳಗೆ ಸುತ್ತಿಕೊಂಡಿತು. ಹೊರಗೆ ಬಂದೆ. ಎದುರಿನ ಅಂಗಡಿಯಲ್ಲಿ ಚಹಾ ತೆಗೆದುಕೊಂಡೆ, ಕುಡಿಯಲಾಗಲಿಲ್ಲ. ಸತ್ತವರ ಸೀರೆಯನ್ನು ಬಸುರಿಯ ಕಣ್ಣಿಗೂ ಬೀಳಿಸದವರು ನಮ್ಮ ಮನೆಯವರು. ಅಂಥದ್ದರಲ್ಲಿ ಇದನ್ನು ತಂಗಿಯ ಹೊಟ್ಟೆಯ ಕೆಳಗೆ ಕಟ್ಟುವುದೇ? ಆದರೆ ತಪ್ಪು ಬೆಲ್ಟಿನದಾಗಿರಲಿಲ್ಲ. ಜೀವ ಉಳಿಸಿದ್ದು ಕೆಟ್ಟಿತ್ತು, ಉಳಿಸದೇ ಇದ್ದದ್ದು ಚೆನ್ನಾಗಿತ್ತು. ನನಗೆ ಚೆನ್ನಾಗಿರುವುದೇ ಬೇಕಾಗಿತ್ತು. ತಿರುಗಿ ಹೋಗಿ ತೆಗೆದುಕೊಂಡೆ, ಅಲ್ಲೇ ಒಬ್ಬ ಮೆಕ್ಯಾನಿಕ್‌ ಕೈಯಿಂದ ಕೂಡಿಸಿಕೊಂಡೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಕೊಂಕಲ್ಲಿನಲ್ಲಿ ಕುಬಸ ಮುಗಿಯಿತು. ಹಸಿರು ಸೀರೆ, ಕೈತುಂಬ ಬಳೆ, ಮಡಿಲಲ್ಲಿ ಉಡಿ ತುಂಬಿದ ಅಕ್ಕಿ ಮತ್ತು ಕೊಬ್ಬರಿ. ತಂಗಿ ಮುಂದೆ ಕುಳಿತಳು, ಅವ್ವ ಹಿಂದೆ ಬುತ್ತಿಯ ಗಂಟು ಹಿಡಿದು ಕುಳಿತಳು. ನಾನು ಬೆಲ್ಟು ಎಳೆದದ್ದೇ ತಡ, ತಂಗಿಯ ಅತ್ತೆ ಬಾಗಿಲಿಗೆ ಅಡ್ಡ ನಿಂತರು.

"ಅದ್ನ ಬಿಡ್ರಿ ಮಾಸ್ತರ್ರ. ತುಂಬಿದ ಬಸುರಿ. ಕೂಸು ಒತ್ತಿ ಹೋದೀತು."

"ಹೌದೋ ತಮ್ಮಾ," ಅವ್ವನೂ ದನಿ ಸೇರಿಸಿದಳು. "ಸಾವಕಾಶ ಹೋಗು, ಸಾಕು. ಹೊಟ್ಟಿಗೆ ಹಗ್ಗ ಕಟ್ಟಬ್ಯಾಡ."

ಡಾಕ್ಟರಮ್ಮನ ಮಾತು ಹೇಳಿದೆ. ಹೊಟ್ಟೆಯ ಮೇಲಲ್ಲ, ಕೆಳಗೆ ಎಂದು ತೋರಿಸಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಬೀಗರೆಲ್ಲ ಸುತ್ತ ಸೇರಿದರು. ತಂಗಿ ಅತ್ತೆಯ ಮುಖ ನೋಡಿ ಬೆಲ್ಟಿನಿಂದ ಕೈ ತೆಗೆದಳು. ಆಗ ನನಗೆ ತಡೆಯಲಾಗಲಿಲ್ಲ. ಗುಜರಿಯಲ್ಲಿ ಕೇಳಿದ್ದನ್ನೆಲ್ಲ ಅಲ್ಲೇ, ಆ ಹಸಿರು ಸೀರೆಯ ಮುಂದೆಯೇ ಹೇಳಿಬಿಟ್ಟೆ. ಈ ಬೆಲ್ಟು ಯಾವ ಗಾಡಿಯದು, ಆ ಸೀಟಿನಲ್ಲಿ ಯಾರಿದ್ದರು, ಬೆಲ್ಟು ಇಷ್ಟು ಹೊಸದಾಗಿ ಏಕೆ ಉಳಿದಿದೆ.

ಅತ್ತೆ ಎರಡು ಹೆಜ್ಜೆ ಹಿಂದೆ ಸರಿದರು. "ಇಂಥಾ ದಿನಾ ಎಂಥಾ ಮಾತು ಆಡ್ತಿಯೋ ನೀನು," ಎಂದು ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನನಗೇ ನನ್ನ ಮೇಲೆ ಅಸಹ್ಯವಾಯಿತು. ಮಂಗಳದ ದಿನ ಬಸುರಿ ತಂಗಿಯ ಮುಂದೆ ಇಂಥ ಮಾತು ಆಡಿದ ಅಣ್ಣ ಆ ಊರಿನಲ್ಲಿ ನಾನೊಬ್ಬನೇ ಇರಬೇಕು.

ತಂಗಿ ಆ ಪಟ್ಟಿಯನ್ನು ನೋಡಿದಳು. ಬೆರಳಿನಿಂದ ಒಮ್ಮೆ ಸವರಿದಳು.

"ಆಕಿಗೂ ಯಾರಾರ ಬ್ಯಾಡ ಅಂದಿರಬೇಕು, ಅಲ್ಲೇನಣ್ಣಾ?" ಅಂದಳು.

ಉಡಿಯ ಗಂಟನ್ನು ಎತ್ತಿ ಹಿಂದೆ ಅವ್ವನ ಕೈಗೆ ಕೊಟ್ಟಳು. ಬೆಲ್ಟನ್ನು ತಾನೇ ಎಳೆದು, ಕೆಳಗಿನ ಪಟ್ಟಿಯನ್ನು ಹೊಟ್ಟೆಯ ಕೆಳಗೆ ಸರಿಪಡಿಸಿ, ಟಕ್ಕೆಂದು ಕೂಡಿಸಿದಳು. ಆಮೇಲೆ ನನ್ನ ಕಡೆ ತಿರುಗಿ, ಡ್ರೈವರ್ ಸೀಟಿನ ಬೆಲ್ಟು ತೋರಿಸಿ, "ನಿಂದು?" ಅಂದಳು.