ದುಡ್ಡು ಕೊಟ್ಟ ಸೂಜಿ

ಇವತ್ತು ಬೆಳಿಗ್ಗೆ ಇಸ್ತ್ರಿ ಬಟ್ಟೆಯ ಗಂಟು ನಮ್ಮ ಕಾಂಪೌಂಡ್ ಗೋಡೆಯ ಮೇಲೆ ಕೂತಿತ್ತು. ನಿಂಗಮ್ಮ ಹಾಗೆ ಇಟ್ಟು ಹೋಗುವವಳಲ್ಲ. ಗೇಟಿನ ಚಿಲಕ ಅಲ್ಲಾಡಿಸಿ, "ಮೇಷ್ಟ್ರೇ" ಎಂದು ಕೂಗಿ, ಗಂಟನ್ನು ಕೈಗೇ ಕೊಟ್ಟು, ನನ್ನ ಹೆಂಡತಿಯ ಮಂಡಿನೋವು ವಿಚಾರಿಸಿಯೇ ಹೋಗುವವಳು. ನಾನು ಹೋಗಿ ಮುಟ್ಟಿ ನೋಡಿದೆ. ಇನ್ನೂ ಬೆಚ್ಚಗಿತ್ತು. ಇದ್ದಿಲು, ಕಾದ ಹತ್ತಿಬಟ್ಟೆ ಎರಡೂ ಬೆರೆತ ಆ ವಾಸನೆ ನಿಮಗೂ ಗೊತ್ತಿರುತ್ತದೆ. ನಿಮಗೆ ಅದು ಯಾರದೋ ಮದುವೆಯನ್ನೋ ಸ್ಕೂಲಿನ ಸೋಮವಾರವನ್ನೋ ನೆನಪಿಗೆ ತರಬಹುದು. ನನಗೆ ಮಾತ್ರ ಎದೆ ಡವಡವ ಎನ್ನುತ್ತದೆ. ಗಂಟನ್ನು ಅಲ್ಲೇ ಬಿಟ್ಟು ಒಳಗೆ ಬಂದು ಕೂತಿದ್ದೇನೆ.

ನಿಂಗಮ್ಮನ ಗಂಡ ಚಿಕ್ಕಣ್ಣ. ಕುವೆಂಪುನಗರದ ನಮ್ಮ ರಸ್ತೆಯ ಮೂಲೆಯಲ್ಲಿ, ಹೊಂಗೆಮರದ ಕೆಳಗೆ ಇಸ್ತ್ರಿ ಗಾಡಿ ನಿಲ್ಲಿಸಿಕೊಂಡಿದ್ದ. ಬಟ್ಟೆ ನೋಡಿಯೇ ಮನೆಗಳ ಸಮಾಚಾರ ಹೇಳುತ್ತಿದ್ದ: ಯಾರಿಗೆ ಹೊಟ್ಟೆ ಬಂತು, ಯಾರಿಗೆ ಪ್ರಮೋಷನ್ ಆಯಿತು, ಯಾರ ಮನೆಗೆ ಹೆಣ್ಣು ನೋಡುವವರು ಬಂದರು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತನಾದವನು. ನಿವೃತ್ತಿಯಾದ ಹೊಸತರಲ್ಲಿ, "ಏನ್ ಮೇಷ್ಟ್ರೇ, ಕಾಲರ್ ಸವೀತಾನೇ ಇಲ್ಲ, ಮನೇಲೇ ಕುಂತ್ಬುಟ್ರಾ?" ಎಂದು ಕೇಳಿದ್ದ. ಒದ್ದೆ ಬೆರಳನ್ನು ಕೆಂಡದ ಪೆಟ್ಟಿಗೆಯ ತಳಕ್ಕೆ ತಾಗಿಸಿ, ಚುಂಯ್ ಎಂದ ಮೇಲೆ ಮೊದಲು ನನ್ನ ಅಂಗಿಯನ್ನೇ ಎತ್ತಿಕೊಳ್ಳುತ್ತಿದ್ದ. ಮೇಷ್ಟ್ರು ಎಂದರೆ ಅವನಿಗೆ ಅಷ್ಟು ದೊಡ್ಡ ಪದವಿ. ನಾನು ಹೇಳಿದ್ದೆಲ್ಲ ಅವನಿಗೆ ಪಾಠ. ಈಗ ನೆನೆಸಿಕೊಂಡರೆ ಭಯವಾಗುವುದು ಅದಕ್ಕೇ.

ಆ ಕಾಯಿಲೆಯ ಕಾಲದಲ್ಲಿ ನನ್ನಷ್ಟು ಪುಕ್ಕಲ ಇಡೀ ಬಡಾವಣೆಯಲ್ಲಿ ಇರಲಿಲ್ಲ. ಹಾಲಿನ ಪ್ಯಾಕೆಟ್ಟಿಗೆ ಸೋಪು ಹಚ್ಚಿ ತೊಳೆಯುತ್ತಿದ್ದೆ. ಇಸ್ತ್ರಿ ಗಂಟನ್ನು ಕೈಗೆ ಕೊಡಬೇಡ, ಕಾಂಪೌಂಡ್ ಮೇಲೆ ಇಟ್ಟು ಹೋಗು ಎಂದು ಚಿಕ್ಕಣ್ಣನಿಗೆ ಹೇಳಿ, ಅದನ್ನು ಎರಡು ದಿನ ಬಿಸಿಲಿನಲ್ಲಿ ಬಿಡುತ್ತಿದ್ದೆ. "ಕೆಂಡದ ಕೆಳಗೆ ಹೋಗಿ ಬಂದ ಬಟ್ಟೇಲಿ ಯಾವ ವೈರಸ್ಸು ಉಳಿದಿರತ್ತೆ ಕಣ್ರೀ? ಸೈನ್ಸ್ ಮೇಷ್ಟ್ರು ಬೇರೆ ನೀವು" ಎಂದು ಹೆಂಡತಿ ನಗುತ್ತಿದ್ದಳು. ನಗುತ್ತಿದ್ದಳೇ ಹೊರತು ಅವಳಿಗೂ ಒಳಗೊಳಗೇ ಹೆದರಿಕೆ. ಆಂಬುಲೆನ್ಸ್ ಸದ್ದು ಕೇಳಿದರೆ ಇಬ್ಬರೂ ಮಾತಾಡದೆ ಟಿವಿಯ ಧ್ವನಿ ಜೋರು ಮಾಡುತ್ತಿದ್ದೆವು.

ಕೊನೆಗೆ ಲಸಿಕೆ ಬಂತು. ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ, ಖಾಸಗಿ ಆಸ್ಪತ್ರೆಯಲ್ಲಿ ದುಡ್ಡಿಗೆ. ಲಸಿಕೆಯ ಪಾಠವನ್ನು ಮೂವತ್ತು ವರ್ಷ ಮಕ್ಕಳ ತಲೆಗೆ ತುಂಬಿದ ನನಗೆ ಏನನ್ನಿಸಬೇಕಿತ್ತು ಹೇಳಿ? ಬಿಟ್ಟಿ ಕೊಡುವುದು ಹೇಗಿರುತ್ತದೋ ಏನೋ ಅನ್ನಿಸಿತು. ನಮ್ಮಂಥ ಪಿಂಚಣಿದಾರರ ಚಾಳಿಯೇ ಇದು. ಸರ್ಕಾರದ ಸಂಬಳದಲ್ಲೇ ಬದುಕಿ, ಸರ್ಕಾರ ಬೇರೆ ಏನು ಕೊಟ್ಟರೂ ಮೂಸಿ ನೋಡುತ್ತೇವೆ. ಚಿಕ್ಕಣ್ಣ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಖಾಸಗಿ ಆಸ್ಪತ್ರೆಗೆ ಹೋದೆ. ತಣ್ಣನೆಯ ಕೋಣೆ, ಮೆತ್ತನೆಯ ಕುರ್ಚಿ. ಸೂಜಿ ಚುಚ್ಚಿದ ಮೇಲೆ ಒಂದು ಲೋಟ ಕಾಫಿ.

ವಾಪಸ್ಸು ಬರುವಾಗ ಚಿಕ್ಕಣ್ಣ ಗಾಡಿಯ ಹಿಂದಿನಿಂದ ಕೇಳಿದ, "ಎಂಗಿತ್ತು ಮೇಷ್ಟ್ರೇ ಸೂಜಿ?"

"ಇರುವೆ ಕಚ್ಚಿದ ಹಾಗೆ ಕಣಯ್ಯ. ನಾನು ದುಡ್ಡು ಕೊಟ್ಟು ಹಾಕಿಸ್ಕೊಂಡೆ. ಬಿಟ್ಟಿ ಸೂಜಿ ಯಾರು ನಂಬ್ತಾರೆ?"

ಅಷ್ಟೇ ನಾನು ಹೇಳಿದ್ದು. ಜಂಬಕ್ಕೆ ಆಡಿದ ಮಾತು. ಮನೆಗೆ ಬಂದು ಕೈಕಾಲು ತೊಳೆಯುವ ಹೊತ್ತಿಗೆ ಮರೆತೂ ಹೋಗಿತ್ತು.

ಚಿಕ್ಕಣ್ಣ ಮರೆಯಲಿಲ್ಲ. ಅವನ ವಯಸ್ಸಿನವರ ಸರದಿ ಬಂದಾಗ ಆಶಾ ಕಾರ್ಯಕರ್ತೆ ಗಾಡಿಯ ಹತ್ತಿರವೇ ಬಂದು ಕರೆದಳಂತೆ. ಗಂಡ ಹೆಂಡತಿ ಇಬ್ಬರೂ ಹೋಗಲಿಲ್ಲ. "ನಮ್ ಮೇಷ್ಟ್ರು ಹಾಕಿಸ್ಕಂಡಿರೋದನ್ನೇ ನಾವೂ ಹಾಕಿಸ್ಕತೀವಿ ಬುಡವ್ವ. ಓದಿರೋರು ಸುಮ್ಕೆ ದುಡ್ಡು ಕೊಟ್ಟಾರಾ?" ಎಂದು ಹೇಳಿ ಕಳಿಸಿದನಂತೆ. ಇದನ್ನು ಅವನೇ ನನ್ನ ಮುಂದೆ ಹೇಳಿದ. ಸುಳ್ಳು ಯಾಕೆ ಹೇಳಲಿ, ನನಗೆ ಖುಷಿಯಾಯಿತು. ಇಬ್ಬರ ಸೂಜಿಗೆಂದು ಇದ್ದಿಲ ಮೂಟೆಯ ಹಿಂದೆ ಒಂದು ಡಬ್ಬಿ ಇಟ್ಟು ದುಡ್ಡು ಕೂಡಿಸತೊಡಗಿದ. ಅಷ್ಟರಲ್ಲಿ ಲಾಕ್‌ಡೌನ್ ಬಂತು. ಮನೆಯಲ್ಲಿ ಕೂತ ಜನಕ್ಕೆ ಇಸ್ತ್ರಿ ಬಟ್ಟೆ ಯಾಕೆ ಬೇಕು? ಡಬ್ಬಿ ತುಂಬಲಿಲ್ಲ.

ನನ್ನ ಎರಡನೆಯ ಡೋಸ್ ಹೊತ್ತಿಗೆ ಆ ಖಾಸಗಿ ಆಸ್ಪತ್ರೆಯಲ್ಲಿ ಲಸಿಕೆ ಖಾಲಿ. ಹೆದರಿಕೆಯಲ್ಲಿ ಮಾನ ಮರ್ಯಾದೆ ನೋಡಲಾಗುತ್ತದೆಯೇ? ಆರೋಗ್ಯ ಕೇಂದ್ರದ ಶಾಮಿಯಾನದ ಕೆಳಗೆ ಟೋಕನ್ ಹಿಡಿದು ನಿಂತೆ. ನರ್ಸಮ್ಮ ಎತ್ತಿಕೊಂಡ ಪುಟ್ಟ ಬಾಟಲಿ ಎಲ್ಲೋ ನೋಡಿದ ಹಾಗಿತ್ತು. ಕನ್ನಡಕ ಏರಿಸಿ ಓದಿದೆ. ಅದೇ ಚೀಟಿ, ಅದೇ ಹೆಸರು.

"ಖಾಸಗಿಯಲ್ಲಿ ಕೊಡೋದೂ ಇದೇನಾ ತಾಯಿ?"

"ಎಲ್ಲಾ ಕಡೆ ಇದೇ ಸಾರ್. ಅಲ್ಲಿ ಕುರ್ಚಿ ಬೇರೆ, ಅಷ್ಟೆ. ತೋಳು ಸಡಿಲ ಬಿಡಿ."

ಅರ್ಧ ಗಂಟೆ ಕೂತು ಹೋಗಿ ಎಂದರು. ನಾನು ಕೂರಲಿಲ್ಲ. ನೇರ ಹೊಂಗೆಮರದ ಹತ್ತಿರ ಹೋದೆ. ಗಾಡಿಗೆ ಟಾರ್ಪಾಲು ಬಿಗಿದು ಕಟ್ಟಿತ್ತು. ಚಿಕ್ಕಣ್ಣನಿಗೆ ಮೂರು ದಿನದಿಂದ ಜ್ವರ ಎಂದು ಎದುರುಮನೆಯವರು ಕಿಟಕಿಯಿಂದಲೇ ಹೇಳಿದರು. ಅಲ್ಲೇ ನಿಂತು ಫೋನ್ ಮಾಡಿದೆ.

"ಡಬ್ಬಿ ಇನ್ನೇನು ತುಂಬ್ತಾ ಬಂತು ಮೇಷ್ಟ್ರೇ" ಎಂದ, ಮಧ್ಯೆ ಮಧ್ಯೆ ಕೆಮ್ಮುತ್ತ. "ಉಸಾರಾದ ಮ್ಯಾಕೆ ಇಬ್ರೂ ಓಗಿ ನಿಮ್ ಆಸ್ಪತ್ರೇಲೇ ಹಾಕಿಸ್ಕತೀವಿ."

"ಆಯ್ತು ಕಣಯ್ಯ, ಮೊದಲು ಹುಷಾರಾಗು" ಎಂದೆ. ಹೇಳಬೇಕಾದ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಹೇಳದೆಯೇ ಫೋನ್ ಇಟ್ಟೆ.

ಆಮೇಲೆ ಅವನನ್ನು ಆಸ್ಪತ್ರೆಗೆ ಸೇರಿಸಿದರು. ಒಂದು ದಿನ ನಿಂಗಮ್ಮ ಫೋನ್ ಮಾಡಿ, ಅಳುತ್ತ ಒಂದು ಇಂಜೆಕ್ಷನ್ನಿನ ಹೆಸರು ಹೇಳಿದಳು. ಹೊರಗಿನಿಂದ ತರಬೇಕಂತೆ. ಕುವೆಂಪುನಗರದಿಂದ ಒಂಟಿಕೊಪ್ಪಲಿನವರೆಗೆ ಸ್ಕೂಟರಿನಲ್ಲಿ ಒಂದೊಂದೇ ಮೆಡಿಕಲ್ ಸ್ಟೋರು ಹತ್ತಿ ಇಳಿದೆ. ಕೊನೆಗೆ ಸಿಕ್ಕಿತು. ಆ ಬೆಲೆಗೆ ಚಿಕ್ಕಣ್ಣ ಎಷ್ಟು ತಿಂಗಳು ಇಸ್ತ್ರಿ ಉಜ್ಜಬೇಕಿತ್ತೋ. ನಾನೇ ಕೊಟ್ಟೆ. ಅದನ್ನು ಆಸ್ಪತ್ರೆಗೆ ಮುಟ್ಟಿಸುವ ಮೊದಲೇ ಅವನು ಹೋಗಿಬಿಟ್ಟಿದ್ದ.

ಕೆಲವು ತಿಂಗಳಾದ ಮೇಲೆ ನಿಂಗಮ್ಮನೇ ಗಾಡಿ ಬಿಚ್ಚಿದಳು. ಮಾತಾಡಿಸಲು ಹೋದರೆ ಅವಳೇ ನನ್ನನ್ನು ಸಮಾಧಾನ ಮಾಡಿದಳು. "ನಿಮ್ಮಂಗೆ ದುಡ್ಡಿನ ಸೂಜಿ ಹಾಕಿಸ್ಕಂಡಿದ್ರೆ ಉಳ್ಕತಿದ್ರು ಮೇಷ್ಟ್ರೇ. ನಮ್ ಕೈಲಿ ಆಗ್ನಿಲ್ಲ." ನಾನು ತಲೆಯಾಡಿಸಿದೆ. ಇಷ್ಟು ವರ್ಷ ಅವಳು ಹಾಗೆ ಅಂದಾಗಲೆಲ್ಲ ತಲೆಯಾಡಿಸುತ್ತಲೇ ಬಂದೆ.

ನಿನ್ನೆ ಸಂಜೆ ಬಟ್ಟೆ ಕೊಡಲು ಹೋಗಿದ್ದೆ. ಆರೋಗ್ಯ ಕೇಂದ್ರದಲ್ಲಿ ಹೆಣ್ಣುಮಕ್ಕಳಿಗೆ ಯಾವುದೋ ಸೂಜಿ ಪುಕ್ಕಟೆ ಹಾಕುತ್ತಾರಂತೆ, ನಿಂಗಮ್ಮನ ಮೊಮ್ಮಗಳ ಹೆಸರೂ ಪಟ್ಟಿಯಲ್ಲಿದೆಯಂತೆ. "ನಾ ಕಳಿಸಾಕಿಲ್ಲ ಬುಡಿ" ಎಂದಳು. "ಒಂದ್ಸಲ ಕಳ್ಕಂಡಿದ್ದು ಸಾಕು. ಚೀಟಿ ಎತ್ತಿ ದುಡ್ಡು ಮಾಡ್ಕತೀನಿ. ನೀವು ಹಾಕಿಸ್ಕಂಡ ಆಸ್ಪತ್ರೆ ಯಾವ್ದು ಅಂತ ಯೋಳಿ."

ಆ ಹುಡುಗಿಯನ್ನೂ ನಾನೇ ತಡೆದ ಹಾಗಾಗುತ್ತದೆ ಎಂಬ ಭಯಕ್ಕೆ ಬಾಯಿ ಬಿಟ್ಟೆ. ಎರಡೂ ಒಂದೇ ಬಾಟಲಿ ಎಂದೆ. ನಾನು ಅವತ್ತು ಆಡಿದ್ದು ಬರೀ ಜಂಬ ಎಂದೆ. ನನಗೆ ಅದು ತಿಳಿದ ದಿನವೇ ಚಿಕ್ಕಣ್ಣನ ಜೊತೆ ಫೋನಿನಲ್ಲಿ ಮಾತಾಡಿದೆ, ಆದರೂ ಹೇಳಲಿಲ್ಲ ಎಂಬುದನ್ನೂ ಹೇಳಿದೆ.

ಅವಳು ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು ಬಹಳ ಹೊತ್ತು ನನ್ನ ಅಂಗಿಯನ್ನೇ ನೋಡಿದಳು. "ಅವ್ರು ಸಾಯೋಗಂಟ ನಿಮ್ ಮಾತೇ ಮಾತು ಅಂತಿದ್ರು" ಎಂದಳು. ಪೆಟ್ಟಿಗೆಯನ್ನು ಮತ್ತೆ ಕೈಗೆತ್ತಿಕೊಂಡಳು. ನಾನು ಮನೆಗೆ ಬಂದೆ.

ಇದನ್ನು ಬರೆಯುತ್ತಿರುವಾಗ ಹೆಂಡತಿ ಸೊಪ್ಪು ತೆಗೆದುಕೊಂಡು ಬಂದಳು. "ನಿಂಗಮ್ಮ ಮೊಮ್ಮಗಳ ಕೈ ಹಿಡ್ಕೊಂಡು ಆರೋಗ್ಯ ಕೇಂದ್ರದ ಲೈನಲ್ಲಿ ನಿಂತಿದ್ಲು ಕಣ್ರೀ. ಮೊದಲನೇ ನಂಬರ್ರೇ ಅವಳದು. ನಾನು ಮಾತಾಡಿಸಿದ್ರೆ ಮುಖ ತಿರುಗಿಸ್ಕೊಂಡ್ಲು. ಏನಾಯ್ತು?" ಎಂದು ಕೇಳಿದಳು. ಹೇಳುತ್ತೇನೆ ಕೂತುಕೋ ಎಂದೆ.

ಹೇಳಿ ಮುಗಿಸಿ, ಹೊರಗೆ ಹೋಗಿ ಗಂಟನ್ನು ಎತ್ತಿಕೊಂಡು ಬಂದೆ. ಆರಿ ತಣ್ಣಗಾಗಿತ್ತು. ಅಂಗಿಗಳೆಲ್ಲ ಒಂದು ಸುಕ್ಕಿಲ್ಲದೆ ಎಂದಿನಂತೆಯೇ ಇದ್ದವು. ಉಜ್ಜಿದ ಕೂಲಿ ಕೊಡಲು ಇನ್ನು ನಾನೇ ಹೊಂಗೆಮರದ ಹತ್ತಿರ ಹೋಗಬೇಕು. ಹೋಗುತ್ತೇನೆ. ಚಪ್ಪಲಿ ಮೆಟ್ಟಿಕೊಂಡು ಆಗಲೇ ಎರಡು ಸಲ ಗೇಟಿನವರೆಗೆ ಹೋಗಿ ವಾಪಸ್ಸು ಬಂದಿದ್ದೇನೆ.