ಬರೆಯದ 'ರೀ'

ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ನಾನು ಎರಡು ಬಾರಿ ಢಾಲು ಗೆದ್ದವನು. ಮೊದಲ ವರ್ಷ, ಇಂಗ್ಲಿಷ್ ಈ ದೇಶವನ್ನು ಗುಲಾಮಗಿರಿಗೆ ತಳ್ಳಿತು ಎಂದು ವಾದಿಸಿದೆ. ಮರುವರ್ಷ, ಇಂಗ್ಲಿಷೇ ಈ ದೇಶದ ಕಣ್ಣು ತೆರೆಸಿತು ಎಂದು ವಾದಿಸಿದೆ. ಎರಡೂ ಢಾಲುಗಳು ಕಲಬುರಗಿಯ ಬ್ರಹ್ಮಪುರ ಬಡಾವಣೆಯ ನಮ್ಮ ಮನೆಯ ಗೂಡಿನಲ್ಲಿ, ತಮ್ಮೊಳಗೆ ಯಾವ ಜಗಳವೂ ಇಲ್ಲದೆ, ಅಕ್ಕಪಕ್ಕ ಕುಳಿತಿದ್ದವು. ಇದರಲ್ಲೇನೋ ಎಡವಟ್ಟಿದೆ ಎಂದು ಆಗ ನನಗೆ ಅನ್ನಿಸಿರಲಿಲ್ಲ.

ಪದವಿ ಮುಗಿದಾಗ ತೊಂಬತ್ತರ ದಶಕ ಆಗತಾನೇ ಶುರುವಾಗಿತ್ತು. ನಾನು ಮತ್ತು ಇಬ್ಬರು ಗೆಳೆಯರು ಸೇರಿ ಒಂದು ಸಂಘ ಕಟ್ಟಿದೆವು. ಒಬ್ಬ ಅಧ್ಯಕ್ಷ, ಒಬ್ಬ ಕಾರ್ಯದರ್ಶಿ, ನಾನು ಸಂಚಾಲಕ. ಸದಸ್ಯನಾಗುವುದಕ್ಕೆ ಯಾರೂ ಉಳಿದಿರಲಿಲ್ಲ. ಎಸ್ಸೆಸ್ಸೆಲ್ಸಿಯ ಉಳಿದೆಲ್ಲ ವಿಷಯಗಳಲ್ಲಿ ಪಾಸಾಗಿ ಇಂಗ್ಲಿಷಿನಲ್ಲಿ ಮಾತ್ರ ನಪಾಸಾದವರನ್ನು ಗೈಡಿನ ಸೆರೆಯಿಂದ ಬಿಡಿಸುವುದು ಸಂಘದ ಧ್ಯೇಯವಾಗಿತ್ತು.

ಗೈಡು ಎಂದರೆ ಪಠ್ಯಪುಸ್ತಕಕ್ಕಿಂತ ತೆಳ್ಳಗಿನ, ಆದರೆ ಅದಕ್ಕಿಂತ ಹೆಚ್ಚು ಓದಿಸಿಕೊಂಡ ಗ್ರಂಥ. ಜಗತ್ ವೃತ್ತದ ಅಂಗಡಿಯವನು ಅದನ್ನು ಕೊಡುವಾಗ, "ಆಂಖ್ ಬಂದ್ ಮಾಡಿ ಬಾಯಿಪಾಠ ಮಾಡ್ರಿ ಸಾಬ್, ಪಾಸ್ ಪಕ್ಕಾ" ಎಂದು ಹೇಳಿ ಕಳಿಸುತ್ತಿದ್ದ. ಅದರಲ್ಲಿ ಮುಖ್ಯೋಪಾಧ್ಯಾಯರಿಗೆ ಬರೆಯುವ ರಜಾ ಅರ್ಜಿಯೊಂದಿತ್ತು. ಕಾರಣ, ಅಕ್ಕನ ಮದುವೆ. ಹೀಗಾಗಿ ಪ್ರತಿ ಪರೀಕ್ಷೆಯಲ್ಲೂ ಇಡೀ ಜಿಲ್ಲೆಯ ಅಕ್ಕಂದಿರ ಮದುವೆ ಒಂದೇ ದಿನ, ಒಂದೇ ವಾಕ್ಯದಲ್ಲಿ ನಡೆದುಹೋಗುತ್ತಿತ್ತು. ಅಕ್ಕನೇ ಇಲ್ಲದವರೂ ಕೈಬಿಚ್ಚಿ ಮದುವೆ ಮಾಡಿಸುತ್ತಿದ್ದರು. ಪ್ರವಾಸದ ಪ್ರಬಂಧದಲ್ಲಿ ಎಲ್ಲರೂ ಗಿರಿಧಾಮವೊಂದಕ್ಕೆ ಹೋಗಿ ಮಂಜಿನಲ್ಲಿ ನಡುಗಿ ಬರುತ್ತಿದ್ದರು, ನಮ್ಮ ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಕುಳಿತು. ಸ್ವಂತ ವಾಕ್ಯ ಬರೆಯುವ ಹಕ್ಕನ್ನು ಜನರಿಗೆ ಮರಳಿ ಕೊಡಿಸಬೇಕು ಎಂದು ನಾನು ನಿರ್ಧರಿಸಿದೆ. ಆ ಹಕ್ಕು ಬೇಕೆಂದು ಯಾರೂ ಕೇಳಿರಲಿಲ್ಲ.

ಕಮಲಾಪುರದ ಅಂಗನವಾಡಿ ಕೋಣೆ ಭಾನುವಾರ ಖಾಲಿ ಇರುತ್ತಿತ್ತು. ಬೆಳಗಿನ ಬಸ್ಸಿಗೆ ಹೋಗಿ ಅಲ್ಲಿ ತರಗತಿ ತೆರೆದೆ. ಮೊದಲ ವಾರ ಒಂಬತ್ತು ಜನ ಬಂದರು. ನಾನು ಗೈಡನ್ನು ಎತ್ತಿ ತೋರಿಸಿ, "ಇನ್ನು ಇದರ ಅವಶ್ಯಕತೆ ಇಲ್ಲ" ಎಂದು ಘೋಷಿಸಿದೆ. ಎರಡನೆಯ ವಾರ ಒಬ್ಬಳೇ ಬಂದಳು.

ಆಕೆ ಅದೇ ಅಂಗನವಾಡಿಯ ಸಹಾಯಕಿ. ಮೂವತ್ತರ ವಯಸ್ಸು. ಮಕ್ಕಳನ್ನು ಕರೆತರುವುದು, ಮೂಗು ಒರೆಸುವುದು, ಉಪ್ಪಿಟ್ಟು ಬೇಯಿಸುವುದು ಅವಳ ಕೆಲಸ. ಊರಿನವರ ಬಾಯಲ್ಲಿ ಅವಳು 'ಆಯಾ'. ಪಾಠ ಹೇಳುವವರು ಮಾತ್ರ 'ಅಕ್ಕೋರು'. ಆ ಅಕ್ಕೋರು ಮುಂದಿನ ವರ್ಷ ಊರು ಬಿಡುವವರಿದ್ದರು. ಮೇಲ್ವಿಚಾರಕಿ ಇವಳಿಗೆ ಹೇಳಿ ಹೋಗಿದ್ದರಂತೆ: "ಎಸ್ಸೆಸ್ಸೆಲ್ಸಿ ಪಾಸಾದ ಕಾಗದ ತಂದ್ರ ಆ ಜಾಗ ನಿಂದು. ಇಲ್ಲಂದ್ರ ಹೊರಗಿನಿಂದ ಯಾರರ ಬರ್ತಾರ, ನೀ ಅವರ ಕೈಕೆಳಗ ಉಪ್ಪಿಟ್ಟು ತಿರುವು." ಇಂಗ್ಲಿಷ್ ಒಂದೇ ಉಳಿದಿತ್ತು. ಮೂರು ಸಲ ಅಕ್ಕನ ಮದುವೆ ಮಾಡಿಸಿದ್ದಳು, ಮೂರು ಸಲವೂ ನಪಾಸು. ಬಾಯಿಪಾಠ ಅವಳಿಗೆ ಅರ್ಧ ದಾರಿಯಲ್ಲಿ ಕೈಕೊಡುತ್ತಿತ್ತು. ನಾನು ಅವಳ ಕೊನೆಯ ಆಸರೆಯಾಗಿದ್ದೆ. ಅವಳು ನಮ್ಮ ಸಂಘದ ಏಕೈಕ ಸಾಧನೆಯಾಗುವವಳಿದ್ದಳು.

ಜೊತೆಗೆ ಅವಳ ಅತ್ತೆಯೂ ಬರುತ್ತಿದ್ದರು. ಪರವೂರಿನ ಗಂಡಸೊಬ್ಬ ಸೊಸೆಗೆ ಪಾಠ ಹೇಳುವಾಗ ಹಿರಿಯರೊಬ್ಬರು ಇರಬೇಕಾದದ್ದು ರಿವಾಜು. ಹೊಸ್ತಿಲ ಮೇಲೆ ಮೊರ ಇಟ್ಟುಕೊಂಡು ತೊಗರಿಬೇಳೆ ಹಸನು ಮಾಡುತ್ತ ಕುಳಿತಿರುತ್ತಿದ್ದರು. ಪಾಠ ಮುಗಿದ ಮೇಲೆ ತಮ್ಮ ತೋಟದ ಕೆಂಪು ಬಾಳೆಹಣ್ಣು ಎರಡು ನನ್ನ ಕೈಗೆ ಕೊಡುತ್ತಿದ್ದರು. ಅದು ಗುರುದಕ್ಷಿಣೆಯೋ ಇನ್ನು ಹೊರಡು ಎಂಬ ಸೂಚನೆಯೋ ನನಗೆ ತಿಳಿಯುತ್ತಿರಲಿಲ್ಲ.

"ಗೈಡ್ ಬ್ಯಾಡ. ನಿಮ್ಮ ಮನಿ ಬಗ್ಗೆ ನಿನ್ನ ಸ್ವಂತ ವಾಕ್ಯದಾಗ ಬರಿ" ಎಂದೆ.

ಅರ್ಧ ಗಂಟೆ ಬರೆದಳು. ಓದಿದೆ: 'ಮೈ ಫಾದರ್ ಇನ್ ಲಾ ಆರ್ ಎ ಫಾರ್ಮರ್. ದೇ ಆರ್ ಓಲ್ಡ್. ಮೈ ಮದರ್ ಇನ್ ಲಾ ಆರ್ ಸಿಟ್ಟಿಂಗ್. ದ ಕೌ ಈಸ್ ವೈಟ್.'

"ನಿಂಗ ಎಷ್ಟು ಮಂದಿ ಮಾವಂದಿರು?" ಎಂದು ಕೇಳಿದೆ.

"ಅಯ್ಯ, ಒಬ್ಬರೇ ರೀ."

"ಒಬ್ಬರಿದ್ರ 'ಆರ್' ಬರಂಗಿಲ್ಲ. 'ಈಸ್' ಬರ್ತದ. ಆಕಳಿಗೆ ಬರೋಬ್ಬರಿ ಹಾಕೀದಿ ನೋಡು."

"ಆಕಳಿಗೆ ಹಾಕೀದ್ದು ಮಾವನೋರಿಗೆ ಹೆಂಗ ಹಾಕೂದ್ರೀ? 'ಮಾವ ಹಾನ' ಅಂದಂಗ ಆಗ್ತದಲ್ರೀ!"

ನಮ್ಮ ಕಡೆ 'ಹಾನ' ಎಂದರೆ ಇದ್ದಾನೆ, 'ಹಾರ' ಎಂದರೆ ಇದ್ದಾರೆ. ಮಾವನಿಗೆ 'ಹಾನ' ಎಂದ ಸೊಸೆ ಆ ಊರಿನಲ್ಲಿ ಇನ್ನೂ ಹುಟ್ಟಿರಲಿಲ್ಲ. ಮೂರು ಪರೀಕ್ಷೆಗಳಲ್ಲಿ ಬಾಯಿಪಾಠ ಕೈಕೊಟ್ಟಾಗಲೆಲ್ಲ ಇವಳು ಮುಖ್ಯೋಪಾಧ್ಯಾಯರಿಗೆ, ತಂದೆಗೆ, ಅಂಚೆಯವನಿಗೆ ಸಹ 'ಆರ್' ಹಾಕಿ, ಮರ್ಯಾದೆ ಉಳಿಸಿಕೊಂಡು, ಅಂಕ ಕಳೆದುಕೊಂಡಿದ್ದಳು.

ಹೊಸ್ತಿಲಿನಿಂದ ದನಿ ಬಂತು. "ಏನಂತ? ನಮ್ಮೋರಿಗೆ ಹಾನ ಅಂತೀಯೇನು?"

"ನಾ ಅಲ್ರೀ ಅತ್ತಿ, ಇಂಗ್ಲಿಷ್ನ್ಯಾಗ ಹಂಗ ಅಂತಾರಂತ."

"ಸುಡು ಆ ಇಂಗ್ಲಿಷ. ಹಿರ್ಯಾರು ಕಿರ್ಯಾರು ಇಲ್ಲೇನು ಅವರ ಮನ್ಯಾಗ?"

ಇಂಥ ಕ್ಷಣಕ್ಕಾಗಿಯೇ ನಾನು ಹುಟ್ಟಿದ್ದೆ. ಎದ್ದು ನಿಂತೆ. ಇಂಗ್ಲಿಷಿನ ಗುಣ ಇರುವುದೇ ಇದರಲ್ಲಿ ಎಂದೆ. ಅಲ್ಲಿ ರಾಣಿಗೂ 'ಈಸ್', ರಾಣಿಯ ಅಂಗಳ ಗುಡಿಸುವವಳಿಗೂ 'ಈಸ್'. ಶ್ರೇಣಿಗಳನ್ನು ವ್ಯಾಕರಣದಿಂದಲೇ ಕಿತ್ತೊಗೆದ ಭಾಷೆ ಅದು. ಒಂದು ಕ್ರಿಯಾಪದದಲ್ಲಿ ಸಮಾನತೆಯ ಸಂವಿಧಾನವೇ ಅಡಗಿದೆ ಎಂದೆಲ್ಲ ಹೇಳಿ, ಚಪ್ಪಾಳೆಗೆ ಬಿಡುವಷ್ಟು ಹೊತ್ತು ಅಭ್ಯಾಸಬಲದಿಂದ ನಿಲ್ಲಿಸಿದೆ. ಮೊರದಲ್ಲಿ ಬೇಳೆ ಸದ್ದು ಮಾಡಿತು.

ಅವಳು ಯೋಚಿಸಿ ಕೇಳಿದಳು: "ಸರ್‍ರೀ, ಎಲ್ಲರಿಗೂ 'ಈಸ್' ಅಂದ್ರ, 'ಯೂ ಆರ್' ಯಾಕ್ರೀ? ಒಬ್ಬರ ಮುಂದ ನಿಂತು ಮಾತಾಡೂವಾಗೂ 'ಆರ್' ಅಂತಲ್ಲ?"

"ಹೌದು. 'ಯೂ' ಇದ್ರ ಯಾವಾಗ್ಲೂ 'ಆರ್'."

"ನಾಯಿಗೂ?"

"ನಾಯಿಗೂ."

"ಹಂಗಾದ್ರ ನಾಯಿ ಎದುರಿಗೆ ನಿಂತ್ರ 'ನೀವು ಹಾರ' ಅನ್ನೂದು, ಮಾವನೋರು ಆ ಕಡಿ ಹೋದ ಕೂಡ್ಲೆ 'ಅವ ಹಾನ' ಅನ್ನೂದು. ಮುಂದೊಂದು ಹಿಂದೊಂದು. ಕಪಟ ಭಾಷಾ ಅದರೀ ಇದು!"

ಅತ್ತೆ ಮೊರ ಕೆಳಗಿಟ್ಟು ನಕ್ಕರು. ಚರ್ಚಾಸ್ಪರ್ಧೆಯಲ್ಲಿ ಇಂಥ ಹೊತ್ತಿನಲ್ಲಿ ಸಮಯ ಮುಗಿಯಿತೆಂದು ಗಂಟೆ ಬಾರಿಸಿ ಕಾಪಾಡುವವರಿರುತ್ತಾರೆ. ಕಮಲಾಪುರದಲ್ಲಿ ಅಂಥ ಏರ್ಪಾಡು ಇರಲಿಲ್ಲ.

ಮುಂದಿನ ಕೆಲವು ವಾರ ನಾವು 'ಈಸ್' ಅಭ್ಯಾಸ ಮಾಡಿದೆವು. ಆಕಳು, ಕೊಡ, ಬಸ್ಸು, ಇವಕ್ಕೆಲ್ಲ ಸಲೀಸಾಗಿ ಹೇಳುತ್ತಿದ್ದಳು. ಮಾವನ ಸರದಿ ಬಂದಾಗ ಸೆರಗನ್ನು ತಲೆಯ ಮೇಲೆ ಇನ್ನಷ್ಟು ಎಳೆದುಕೊಂಡು, ನೆಲ ನೋಡುತ್ತ, "ಈಸ್ ರೀ" ಎನ್ನುತ್ತಿದ್ದಳು. 'ರೀ' ಬಿಟ್ಟು ಹೇಳು ಎಂದರೆ ನಾಲಿಗೆಯೇ ಏಳುತ್ತಿರಲಿಲ್ಲ. ಒಂದು ದಿನ ಕಾಗದದ ಮೇಲೂ ಹಾಗೆಯೇ ಬರೆದಳು: 'ಮೈ ಫಾದರ್ ಇನ್ ಲಾ ಈಸ್ ರಿ ಓಲ್ಡ್.' ಪರೀಕ್ಷೆಗೆ ಒಂದೂವರೆ ತಿಂಗಳಿತ್ತು. ನಾನು ತಲೆ ಹಿಡಿದುಕೊಂಡೆ. ಒಳಜೇಬಿನಲ್ಲಿ, ಯಾರಿಗೂ ಹೇಳದೆ, ಗೈಡಿನ ಎರಡು ಪುಟ ಹರಿದು ತಂದಿದ್ದೆ ಎಂಬುದನ್ನೂ ಇಲ್ಲಿ ಒಪ್ಪಿಕೊಳ್ಳಬೇಕು. ಧ್ಯೇಯವಾದಿಗೂ ಫಲಿತಾಂಶದ ಭಯ ಇರುತ್ತದೆ.

ಆ ಪುಟಗಳು ಜೇಬಿನಲ್ಲೇ ಉಳಿಯುವಂತೆ ಮಾಡಿದವಳು ಅವಳೇ. ಅಂದು ಕಾಗುಣಿತದ ಪಾಠದಲ್ಲಿ 'ನೈಫ್' ಬಂದಿತ್ತು. ಮೊದಲಿಗೆ 'ಕೆ' ಬರೆಯಬೇಕು, ಆದರೆ ಓದಬಾರದು ಎಂದು ಹೇಳಿದೆ.

"ಬರೀತಾರ, ಆದ್ರ ಅನ್ನಂಗಿಲ್ಲ?"

"ಅನ್ನಂಗಿಲ್ಲ. ಅದು ಸುಮ್ಮ ಕೂಡ್ತದ."

ಅವಳ ಮುಖ ಅರಳಿತು. "ಹಂಗಾದ್ರ ಆತು ಬಿಡ್ರೀ ಸರ್. ಅವರು ಬರದು ಅನ್ನಂಗಿಲ್ಲ. ನಾ ಅಂದು ಬರಿಯಂಗಿಲ್ಲ. 'ಈಸ್' ಅಂತ ಬರೀತೀನಿ, ಮನಸಿನ್ಯಾಗ 'ರೀ' ಅಂತೀನಿ. ದೇವರಿಗೆ ಗೊತ್ತಾಗ್ತದ, ಪೇಪರ್ ನೋಡೋರಿಗೆ ಗೊತ್ತಾಗಂಗಿಲ್ಲ."

ಅಂದಿನಿಂದ ಮಾವ 'ಈಸ್' ಆದರು, ಅತ್ತೆ 'ಈಸ್' ಆದರು. ಪ್ರತಿ 'ಈಸ್' ಬರೆದ ಮೇಲೆ ಪೆನ್ನು ಒಂದು ಕ್ಷಣ ಗಾಳಿಯಲ್ಲಿ ನಿಲ್ಲುತ್ತಿತ್ತು, ತುಟಿ ಅಲುಗುತ್ತಿತ್ತು. ವಾಕ್ಯಗಳು ಒಂದೊಂದಾಗಿ ನೆಟ್ಟಗಾದವು. ನನ್ನ ಸಮಾನತೆಯ ಭಾಷಣ ಮಾಡದ ಕೆಲಸವನ್ನು ಒಂದು ಮೂಕ 'ಕೆ' ಮಾಡಿತ್ತು.

ಅದರ ಮುಂದಿನ ವಾರ 'ನನ್ನ ಗುರುಗಳು' ಎಂಬ ವಿಷಯ ಕೊಟ್ಟೆ. ಆ ವಿಷಯವನ್ನೇ ಯಾಕೆ ಆರಿಸಿದೆ ಎಂದು ಓದುಗರು ಕೇಳದಿರಲಿ. ಅವಳು ಬರೆದದ್ದನ್ನು ನಾನು ಮರೆತಿಲ್ಲ: 'ಮೈ ಟೀಚರ್ ಈಸ್ ಯಂಗ್ ಮ್ಯಾನ್. ಹಿ ಕಮ್ ಬೈ ಬಸ್. ಹಿ ಈಟ್ ಟು ಬನಾನಾ. ಹಿ ಸೇ ಆಲ್ ಪೀಪಲ್ ಈಸ್ ಸೇಮ್. ಹಿ ಸೇ ನೀ ಟು ಮಿ. ಐ ಸೇ ನೀವು ಟು ಹಿಮ್. ಐ ಆಮ್ ಎಯ್ಟ್ ಇಯರ್ ಬಿಗ್.'

ಮೊದಲು ನನಗೆ ಕಂಡದ್ದು ಆ 'ಈಸ್'. ಎಲ್ಲರಿಗೂ ಅದೇ ಇರಬೇಕೆಂದು ಎದ್ದು ನಿಂತು ಸಾರಿದವನಿಗೆ, ತನಗೆ ಅದು ಬಂದಾಗ ಎಲ್ಲೋ ಚುರುಕ್ಕೆಂದಿತು. ಇದರ ಹಿಂದೆ 'ರೀ' ಇತ್ತೋ ಇಲ್ಲವೋ ಎಂದು ಕೇಳುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಕೆಂಪು ಪೆನ್ನಿನಿಂದ 'ಕಮ್' ಅನ್ನು 'ಕಮ್ಸ್' ಎಂದೂ 'ಸೇ' ಅನ್ನು 'ಸೇಸ್' ಎಂದೂ ತಿದ್ದಿ, ಸಹಿ ಹಾಕಿ ಕೊಟ್ಟೆ. ಬಸ್ಸು ಕಮಲಾಪುರ ದಾಟಿದ ಮೇಲೆ ಕೊನೆಯ ಮೂರು ವಾಕ್ಯಗಳು ನೆನಪಾದವು. ಅವು ದೂರಲ್ಲ. ಆಕಳು ಬೆಳ್ಳಗಿದೆ ಎಂದಷ್ಟೇ ಸರಳವಾಗಿ ಬರೆದವು. ಕಲಬುರಗಿ ಮುಟ್ಟುವವರೆಗೆ ಪ್ರತಿವಾದ ಹುಡುಕಿದೆ. ಶಿಕ್ಷಕ ವಿದ್ಯಾರ್ಥಿಗೆ 'ನೀ' ಅನ್ನುವುದು ವಾಡಿಕೆ ಎಂಬುದೊಂದು ಸಿಕ್ಕಿತು. ವಾಡಿಕೆಯ ವಿರುದ್ಧವೇ ಅಲ್ಲವೇ ನಾನು ಅಂದು ಎದ್ದು ನಿಂತು ಮಾತನಾಡಿದ್ದು?

ಮುಂದಿನ ಭಾನುವಾರ ಗಟ್ಟಿ ಮನಸ್ಸು ಮಾಡಿ, "ನೀವು ಪಾಠ ಓದ್ರಿ" ಎಂದೆ.

ಅವಳು ಪುಸ್ತಕ ಮುಚ್ಚಿದಳು. "ನಂದೇನು ತಪ್ಪಾತ್ರೀ ಸರ್? ಸಿಟ್ಟಾಗೀರೇನು?"

ಹೊಸ್ತಿಲೂ ಸುಮ್ಮನಿರಲಿಲ್ಲ. "ಹ್ವಾದ ವಾರದ ತನಕ ನೀ ಇತ್ತು, ಇವತ್ತು ನೀವು ಆತು. ಪಾಠ ಬಂದ್ ಮಾಡಾಕ ನೋಡಾಕತ್ತಾರೇನು ನಿಮ್ಮ ಸರ್?"

ಸಿಟ್ಟಲ್ಲ, ಗೌರವ ಎಂದು ಇಬ್ಬರನ್ನೂ ನಂಬಿಸಲು ಅಂದಿನ ಪಾಠದ ಅರ್ಧ ಸಮಯ ಹೋಯಿತು. ಆಮೇಲೂ ನನ್ನ 'ನೀವು' ಹಲ್ಲಿಗೆ ತಾಗುತ್ತಲೇ ಹೊರಬರುತ್ತಿತ್ತು. ಅವಳಿಗೆ 'ಈಸ್' ಬಂದಂತೆ.

ಪರೀಕ್ಷೆಯ ಕೇಂದ್ರ ಕಲಬುರಗಿಯ ಒಂದು ಶಾಲೆ. ಅಂದು ಶಾಲೆಯ ಹಿಂದಿನ ಗೋಡೆಯ ಬಳಿ ಅಭ್ಯರ್ಥಿಗಳ ಬಂಧುಬಳಗವೆಲ್ಲ ಗೈಡಿನ ಹಾಳೆಗಳನ್ನು ಸಮಾಜಸೇವೆಯ ಶ್ರದ್ಧೆಯಿಂದ ಹರಿಯುತ್ತಿತ್ತು. ಅತ್ತೆ ಮುಂಬಾಗಿಲ ಬೇವಿನ ಮರದ ಕೆಳಗೆ ರೊಟ್ಟಿಗಂಟು ಇಟ್ಟುಕೊಂಡು ಕುಳಿತಿದ್ದರು. ಒಬ್ಬ ಗೋಡೆ ಹತ್ತುವುದನ್ನು ನೋಡಿ, "ಅವನೂ ಪರೀಕ್ಷಾ ಕೊಡಾಕತ್ತಾನೇನ್ರೀ?" ಎಂದು ಕೇಳಿದರು. ಇಲ್ಲ, ಅವನು ಉತ್ತರ ಕೊಡುತ್ತಿದ್ದಾನೆ ಎಂದೆ.

ಗಂಟೆ ಹೊಡೆಯಿತು. ಅವಳು ಹೊರಬಂದಳು.

"ರಜಾ ಅರ್ಜಿ ಬಂದಿಲ್ರೀ ಸರ್. ಮನ್ಯಾಗಿನ ಒಬ್ಬರ ಬಗ್ಗೆ ಬರೀರಿ ಅಂತ ಬಂದದ. ಅತ್ತಿಯೋರ ಮ್ಯಾಲ ಬರದೀನಿ."

"ನನ್ನ ಮ್ಯಾಲೇನು ಬರದಿ?" ಎಂದು ಅತ್ತೆ ಗಂಟು ಬಿಚ್ಚುವುದನ್ನು ನಿಲ್ಲಿಸಿದರು.

"ಚಲೋನೇ ಬರದೀನ್ರೀ. ಹನ್ನೊಂದು ಸಲ 'ಈಸ್' ಹಾಕೀನಿ. ಹನ್ನೊಂದೂ ಸಲ ಮನಸಿನ್ಯಾಗ 'ರೀ' ಅಂದೀನಿ. ಮ್ಯಾಲ್ವಿಚಾರಣಾ ಮಾಡೋ ಸರ್ ಬಂದು, 'ಏನು ಗೊಣಗಾಕತ್ತೀ, ಯಾರಿಗೆ ಉತ್ತರ ಹೇಳಾಕತ್ತೀ' ಅಂತ ಬೈದ್ರು." ಅಷ್ಟು ಹೇಳಿ ಅವಳ ದನಿ ಇಳಿಯಿತು. "ಕಡೀ ಸಾಲಿನ್ಯಾಗ ಮಾತ್ರ ಕೈ ತಪ್ಪಿತು. 'ಮೈ ಮದರ್ ಇನ್ ಲಾ ಆರ್ ಗುಡ್' ಅಂತ ಆತು. ಹೊಡದು ತಿದ್ದಬೇಕಂದೆ, ಅತ್ತಿಯೋರ ಮುಂದಿನ 'ಆರ್'ಗೆ ಕಾಟಾ ಹಾಕೂದು ಹೆಂಗ್ರೀ? ಬಿಟ್ಟು ಬಂದೀನಿ. ಅದರಾಗ ಹೋಗ್ತೀನೇನ್ರೀ?"

ಹೋಗುವುದಿಲ್ಲ ಎಂದೆ. ನನಗೆ ಖಾತ್ರಿ ಇರಲಿಲ್ಲ.

ಕನಿಷ್ಠ ಅಂಕಕ್ಕಿಂತ ಎರಡು ಹೆಚ್ಚು ಬಂದು ಪಾಸಾದಳು. ನಮ್ಮ ಸಂಘ ಆ ವರ್ಷದ ವರದಿಯಲ್ಲಿ ನೂರಕ್ಕೆ ನೂರು ಫಲಿತಾಂಶ ಎಂದು ಬರೆದುಕೊಂಡಿತು. ಅದು ಸುಳ್ಳಾಗಿರಲಿಲ್ಲ, ಒಬ್ಬರಲ್ಲಿ ಒಬ್ಬರು. ಮುಂದೆ ಅಧ್ಯಕ್ಷನಿಗೆ ಬ್ಯಾಂಕಿನ ನೌಕರಿ, ಕಾರ್ಯದರ್ಶಿಗೆ ಮದುವೆ ಬಂದು ಸಂಘ ಮುಗಿಯಿತು.

ಮರುವರ್ಷ ಅವಳಿಗೆ ಆ ಜಾಗ ಸಿಕ್ಕಿತೆಂದು ತಿಳಿದು ಕಮಲಾಪುರಕ್ಕೆ ಹೋದೆ. ಅಂಗಳದಲ್ಲಿ ಅತ್ತೆ ಮೊರ ಹಿಡಿದು ಕುಳಿತಿದ್ದರು. "ನಿಮ್ಮ ಸೊಸಿ ಮನ್ಯಾಗ ಹಾರೇನ್ರೀ?" ಎಂದು ಕೇಳಿದೆ.

"ಇಲ್ರೀ. ಅಕ್ಕೋರು ಅಂಗನವಾಡಿಗೆ ಹೋಗ್ಯಾರ," ಎಂದರು ಅತ್ತೆ, ಇಡೀ ಓಣಿಗೆ ಕೇಳುವ ಹಾಗೆ. "ಈಗ ಬರ್ತಾರ. ಕೂಡ್ರಿ."

ಅಷ್ಟರಲ್ಲಿ ಸೊಸೆ ಹಾಜರಿ ಪುಸ್ತಕ ಹಿಡಿದು ಓಣಿಯ ತಿರುವಿನಲ್ಲಿ ಕಾಣಿಸಿದಳು. ಅತ್ತೆ ತಲೆ ಎತ್ತಿದರು.

"ಎಲ್ಲಿ ಸತ್ತಿದ್ದೀಯೇ ಇಷ್ಟೊತ್ತನ? ಸರ್ ಬಂದು ಎಷ್ಟೊತ್ತಾತು. ಹೋಗು, ಒಳಗ ಹೋಗಿ ಬಾಳಿಹಣ್ಣು ತಗೊಂಡು ಬಾ!"