ಸಂಬಳದ ದೀಪ ಸದ್ಯಕ್ಕೆ ಬೇಡ

ನಾಯಂಡಹಳ್ಳಿಯ ಗೋಡೌನಿನಲ್ಲಿ ನನ್ನ ಬಿಲ್ಲಿಂಗ್ ಕೆಲಸ ಪರ್ಮನೆಂಟ್ ಆದ ದಿನ ಚಿಂತೆ ಇದ್ದಿದ್ದು ಒಂದೇ. ನನ್ನ ಇಎಸ್‌ಐ ಕಾರ್ಡ್ ತೋರಿಸಿ ಅಮ್ಮ ತಿಂಗಳು ತಿಂಗಳು ಪುಕ್ಕಟೆ ಶುಗರ್ ಮಾತ್ರೆ ತರ್ತಾಳೆ, ಪರ್ಮನೆಂಟ್ ಆದೆ ಅಂತ ಅದನ್ನು ತೆಗೆದು ಪ್ರೈವೇಟ್ ಇನ್ಶೂರೆನ್ಸ್ ಕೊಟ್ಟರೆ ಏನು ಗತಿ.

ಎಚ್‌ಆರ್ ಹುಡುಗಿ ತಲೆ ತಗ್ಗಿಸಿಕೊಂಡು ಹೇಳಿದಳು: "ಬೇಜಾರ್ ಮಾಡ್ಕೋಬೇಡಿ ಮೇಡಂ. ಪ್ರೈವೇಟ್ ಇನ್ಶೂರೆನ್ಸ್ ದೊಡ್ಡ ಸಂಬಳದವರಿಗೆ ಮಾತ್ರ. ನಿಮಗೆ ಇಎಸ್‌ಐನೇ ಮುಂದುವರಿಯತ್ತೆ."

ನಾನು ಹಲ್ಲು ಬಿಟ್ಟೆ. ನೋವು ನುಂಗಿಕೊಂಡು ನಗ್ತಿದೀನಿ ಅಂದುಕೊಂಡಳೋ ಏನೋ, ಪಾಪ, ನೀರು ತಂದುಕೊಟ್ಟಳು. "ಮುಂದಿನ ವರ್ಷ ಸಂಬಳ ಏರತ್ತೆ ಮೇಡಂ, ಆಗ ಇಎಸ್‌ಐಯಿಂದ ಆಚೆ ಬರ್ತೀರಿ" ಅಂದಳು. ನನ್ನ ನಗು ಅಲ್ಲೇ ನಿಂತಿತು.

ನನ್ನ ಸಂಬಳ ಏರಲಿ ಅಂತ ಅಮ್ಮ ಪ್ರತಿ ಶುಕ್ರವಾರ ದೇವಿ ಗುಡಿಯಲ್ಲಿ ನಿಂಬೆಹಣ್ಣಿನ ದೀಪ ಹಚ್ತಾಳೆ. ಈ ವಾರದಿಂದ ನಿನ್ನ ಮೊಣಕಾಲು ನೋವಿಗೆ ಹಚ್ಚಮ್ಮ ಅಂದಿದೀನಿ.